ಪಿಟೀಲು ನೆಟ್ಟಗೇ ಇತ್ತು

ನನ್ನ ಕಾಯಿಲೆಗೆ ಮೊದಲು ಚಿಕಿತ್ಸೆ ಆದದ್ದು ನನ್ನ ಪಿಟೀಲಿಗೆ. ಕೇಳಿದವರು ನಗುತ್ತಾರೆ, ನಗಲಿ. ಈಗ ನಾನೂ ನಗುತ್ತೇನೆ. ತಂತಿ ಬದಲಿಸುತ್ತ, ಬಿರಡೆ ತಿರುವುತ್ತ, ರಿಪೇರಿಗೆಂದು ಬಸ್ಸು ಹತ್ತಿ ಇಳಿಯುತ್ತ ಕಳೆದ ಆ ಮೂರು ವಾರದಲ್ಲಿ ಒಂದು ದಿನ ಡಾಕ್ಟರ ಎದುರು ಹೋಗಿ ಕೂತಿದ್ದರೆ ನನ್ನ ಎಡಗಿವಿ ಉಳಿಯುತ್ತಿತ್ತೇನೋ. ಉಳಿಯುತ್ತಿರಲಿಲ್ಲವೇನೋ. ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಒಂದು ಕಿವಿ ಹೋದವರು, ಹೋಗುತ್ತಿದೆ ಎಂದು ಹೆದರಿ ಯಾರ ಮುಂದೆಯೂ ಬಾಯಿ ಬಿಡದವರು ನಮ್ಮ ಸುತ್ತಲೇ ಬಹಳ ಜನ ಇದ್ದಾರೆಂದು ನನಗೆ ಆಮೇಲೆ ಗೊತ್ತಾಯಿತು. ಅವರ ಜೊತೆ ಸ್ವಲ್ಪ ಹೊತ್ತು ಕೂತು ಮಾತಾಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ನಾವು ಒಟ್ಟಿಗೆ ಬಾರಿಸುವವರು ನಾಲ್ಕು ಜನ. ವಿಜಯಪುರದಲ್ಲಿ ನಮ್ಮನ್ನು ಕರೆಯುವುದು ಪಿಟೀಲಿನವರು ಎಂದೇ. ಆದರೆ ನಾಲ್ಕರಲ್ಲಿ ಪಿಟೀಲು ಎರಡೇ, ಒಂದು ಗುರುಬಸಪ್ಪ ಮಾಸ್ತರರದು, ಇನ್ನೊಂದು ನನ್ನದು. ಶಾರದಕ್ಕನದು ವಿಯೋಲಾ, ನೋಡಲು ಪಿಟೀಲಿನ ಹಾಗೇ ಇದ್ದರೂ ದನಿ ದಪ್ಪ. ಟಿಕೋಟಾದ ಮಿಲಿಂದನದು ಚೆಲ್ಲೊ, ನಿಲ್ಲಿಸಿದರೆ ಎದೆಮಟ್ಟ ಬರುತ್ತದೆ. ಬಸ್ಸಿನಲ್ಲಿ ಅದನ್ನು ಹೊತ್ತು ತಂದಾಗಲೆಲ್ಲ ಕಂಡಕ್ಟರ್ "ಇದಕ್ಕೂ ಒಂದು ಸೀಟ್ ಬೇಕೇನ್ರಿ?" ಎನ್ನದೆ ಬಿಡುವುದಿಲ್ಲ. ಮಾಸ್ತರರು ಹುಡುಗರಿದ್ದಾಗ ಮುಂಬೈಯಲ್ಲಿ ಸಿನಿಮಾ ಹಾಡುಗಳ ವಾದ್ಯಮೇಳದಲ್ಲಿ ಬಾರಿಸುತ್ತಿದ್ದರು. ನಾಲ್ಕು ತಂತಿವಾದ್ಯ ಕೂಡಿ ಬಾರಿಸುವ ಹುಚ್ಚನ್ನು ಅಲ್ಲಿಂದಲೇ ಹತ್ತಿಸಿಕೊಂಡು ಊರಿಗೆ ಬಂದರು. ಅವರು ರಾಗಗಳನ್ನು, ವಚನದ ಧಾಟಿಗಳನ್ನು, ಗಡಿಯಾಚೆಯ ಅಭಂಗಗಳನ್ನು ನಾಲ್ಕು ದನಿಗೆ ಹಂಚಿ ಕೂಡಿಸುತ್ತಾರೆ. ಲಗ್ನ, ಕಾಲೇಜಿನ ಸಮಾರಂಭ, ಮಠಗಳ ತಿಂಗಳ ಗೋಷ್ಠಿ, ಹೀಗೆ ಕರೆದಲ್ಲಿ ಹೋಗುತ್ತೇವೆ. ಉಳಿದ ದಿನ ಮಕ್ಕಳಿಗೆ ಪಾಠ ಹೇಳುತ್ತೇವೆ. ನನ್ನ ಬದುಕೇ ಇದು, ಬೇರೆ ಕೆಲಸ ನನಗೆ ಬರುವುದಿಲ್ಲ.

ಬೇಸಿಗೆ ಕಾಲಿಡುತ್ತಿದ್ದ ದಿನಗಳು. ತೊರವಿ ರಸ್ತೆಯಲ್ಲಿರುವ ಮಾಸ್ತರರ ಮನೆಯ ಮಹಡಿಯಲ್ಲಿ ನಮ್ಮ ತಾಲೀಮು ನಡೆಯುತ್ತದೆ. ಆ ಬೆಳಿಗ್ಗೆ ಶ್ರುತಿ ಮಾಡಿಕೊಳ್ಳುವಾಗ ನನ್ನ ಮೇಲಿನ ಪಂಚಮ ಎರಡಾಗಿ ಕೇಳಿತು. ಇರಬೇಕಾದಲ್ಲಿ ಒಂದು, ಅದಕ್ಕಿಂತ ಚೂರೇ ಕೆಳಗೆ ಮತ್ತೊಂದು. ಬಿರಡೆ ತಿರುವಿ ಸ್ವಲ್ಪ ಏರಿಸಿದೆ.

"ಶೈಲವ್ವಾ, ಏರೇತಿ," ಎಂದರು ಮಾಸ್ತರರು.

ಇಳಿಸಿದೆ. ಮತ್ತೆ ಎರಡು ಕೇಳಿದವು.

"ತಂತಿ ಕೆಟ್ಟೇತ್ರಿ ಮಾಸ್ತರ್ರ. ನಾಳಿಗೆ ಹೊಸಾದು ಹಾಕ್ತೀನಿ," ಎಂದೆ.

ಹೊಸ ತಂತಿ ಹಾಕಿದರೂ ಅದೇ ಹಾಡು. ಮಿಲಿಂದ ಬಿಸಿಲಿಗೆ ಕಟ್ಟಿಗೆ ಬಾಗಿರಬೇಕು ಎಂದ. ಶಾರದಕ್ಕ ಪಿಟೀಲನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲಾದರೂ ಸೀಳು ಬಿಟ್ಟಿದೆಯೇ ಎಂದು ಹುಡುಕಿದಳು. ಎಡಗಿವಿ ತುಸು ಕಟ್ಟಿದಂತಿತ್ತು, ಒಳಗೆ ಸಣ್ಣಗೆ ಗುಂಯ್ ಎನ್ನುತ್ತಲೂ ಇತ್ತು. ನೆಗಡಿ ಬರುವುದಿದೆ ಎಂದುಕೊಂಡೆ. ಸ್ವರ ಸರಿಯಿಲ್ಲದಿದ್ದರೆ ನಾವು ತಂತಿಯನ್ನು ಬೈಯುತ್ತೇವೆ, ಕಟ್ಟಿಗೆಯನ್ನು ಬೈಯುತ್ತೇವೆ, ಹವೆಯನ್ನು ಬೈಯುತ್ತೇವೆ. ಕೇಳುವ ಕಿವಿಯೇ ಕೆಟ್ಟಿರಬಹುದು ಎಂದು ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಪಿಟೀಲು ತೆಗೆದುಕೊಂಡು ಮಿರಜಿಗೆ ಹೋದೆ. ನಮ್ಮ ಭಾಗದ ಜನ ಮಿರಜಿಗೆ ಹೋಗುವುದು ಎರಡೇ ಕಾರಣಕ್ಕೆ, ಒಂದು ದವಾಖಾನೆ, ಇನ್ನೊಂದು ವಾದ್ಯ. ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಆಟೋದವನು "ದವಾಖಾನಾ?" ಎಂದು ಕೇಳಿದ. ನನ್ನ ಜೊತೆ ಇಳಿದವರಲ್ಲಿ ಅರ್ಧ ಜನ ಎಕ್ಸ್‌ರೇ ಚೀಲ ಹಿಡಿದಿದ್ದರು. ನಾನು ಪೆಟ್ಟಿಗೆ ತೋರಿಸಿ, ಇಲ್ಲಪ್ಪ, ವಾದ್ಯದ ಅಂಗಡಿಗೆ ಎಂದೆ. ದೇವರು ದೊಡ್ಡವನು, ನಾನು ಇವರ ಪೈಕಿ ಅಲ್ಲ ಎಂದು ಮನಸ್ಸಿನಲ್ಲಿ ಸಮಾಧಾನಪಟ್ಟುಕೊಂಡದ್ದು ಚೆನ್ನಾಗಿ ನೆನಪಿದೆ. ಅಂಗಡಿಯವರು ಮಧ್ಯಾಹ್ನದವರೆಗೆ ಕೂತು ತಂತಿ ಹೊರುವ ಕುದುರೆ ಬದಲಿಸಿ, ಒಳಗಿನ ಕೋಲು ಸರಿಪಡಿಸಿ, ತಾವೇ ಬಾರಿಸಿ ತೋರಿಸಿದರು. ಅವರ ಮುಖ ಅರಳಿತ್ತು. ನನಗೆ ಆಗಲೂ ಎರಡೇ ಕೇಳುತ್ತಿದ್ದವು. ಇಷ್ಟು ಖುಷಿಯಾಗಿರುವವರಿಗೆ ಏನು ಹೇಳುವುದೆಂದು ತಿಳಿಯದೆ, ಭಾಳ ಚಲೋ ಆಯಿತು ಎಂದು ಹೊರಬಿದ್ದೆ.

ನಿಜ ಸಂಗತಿ ಬಯಲಾದದ್ದು ಕುಕ್ಕರಿನಿಂದ. ಅವತ್ತು ರವಿವಾರ. ಒಲೆಯ ಮೇಲೆ ಬೇಳೆ ಇಟ್ಟು, ಹೊರಗಿನ ಕೋಣೆಯ ದಿವಾನದಲ್ಲಿ ಬಲಮಗ್ಗುಲಾಗಿ ಮಲಗಿ ಪೇಪರ್ ಓದುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಮಗಳು ಮೇಘಾ ಬಾಯಿ ಆಡಿಸುತ್ತ ನಿಂತಿದ್ದಳು. ಎದ್ದು ಕೂತ ಕೂಡಲೇ ದನಿ ಒಮ್ಮೆಲೇ ಒಳಗೆ ನುಗ್ಗಿತು.

"ಯವ್ವಾ, ಕುಕ್ಕರ್ ಎಟ್ಟೊತ್ತಿಂದ ಒದರಾಕತ್ತೇತಿ! ಬ್ಯಾಳಿ ಎಲ್ಲಾ ಹೊತ್ತೇತಿ. ನಿದ್ದಿ ಹತ್ತಿತ್ತೇನು?"

ನನಗೆ ನಿದ್ದೆ ಹತ್ತಿರಲಿಲ್ಲ, ಒಂದೇ ಒಂದು ಸೀಟಿಯೂ ನನಗೆ ಕೇಳಿರಲಿಲ್ಲ. ಮತ್ತೆ ಬಲಮಗ್ಗುಲಾಗಿ ತಲೆದಿಂಬಿಗೆ ಕಿವಿ ಒತ್ತಿದೆ, ಮನೆಯೆಲ್ಲ ಸುಮ್ಮನಾಯಿತು. ಎದ್ದೆ, ಫ್ಯಾನಿನ ಸದ್ದು, ಬೀದಿಯ ಮೋಟರ್ ಸೈಕಲ್, ಮಗಳ ಬೈಗುಳ ಎಲ್ಲವೂ ಬಂದವು. ಮತ್ತೆ ಮಲಗಿದೆ.

"ಏನ್ ಆಟಾ ನಡಿಸಿ ಬೇ?" ಎಂದಳು ಮೇಘಾ. ಆಮೇಲೆ ನನ್ನ ಮುಖ ನೋಡಿ ಪಕ್ಕದಲ್ಲಿ ಬಂದು ಕೂತಳು.

ಮನೆಯವರೆಲ್ಲ ಒಮ್ಮೆಲೇ ಡಾಕ್ಟರಾದರು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಯಾವುದಕ್ಕೂ ಗಾಬರಿಯಾಗುವ ಸ್ವಭಾವ ಅವರದಲ್ಲ. ಮೊಬೈಲಿನ ದೀಪ ಹಚ್ಚಿ ಕಿವಿಯೊಳಗೆ ಇಣುಕಿ, "ಹೊಲಸು ಕಟ್ಟಿರಬೇಕು ತಗೋ," ಎಂದರು. ಅತ್ತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಬೆಚ್ಚಗೆ ಮಾಡಿ ತಂದರು. "ಎರಡ ಹನಿ ಬಿಡ್ತೀನಿ, ಮುಂಜಾನಿ ಅನ್ನೂದ್ರಾಗ ಹೊಳ್ಳಿ ಬರ್ತೇತಿ ನೋಡು," ಎಂದರು. ಬೆಳಿಗ್ಗೆ ಎದ್ದಾಗ ಕಿವಿ ಬಂದಿರಲಿಲ್ಲ, ಬೆಳ್ಳುಳ್ಳಿಯ ವಾಸನೆ ಮಾತ್ರ ಇತ್ತು.

ಮರುದಿನ ಯಜಮಾನರೂ ನಾನೂ ಕಿವಿ ಡಾಕ್ಟರಲ್ಲಿಗೆ ಹೋದೆವು. ಹೊರಗೆ ಕುರ್ಚಿಗಳೆಲ್ಲ ತುಂಬಿದ್ದವು. ಕಿವಿ ಹಿಡಿದು ಅಳುವ ಕೂಸುಗಳು, ಮೂಗಿಗೆ ಪಟ್ಟಿ ಕಟ್ಟಿಕೊಂಡವರು. ಹೆಸರು ಕೂಗುವವನ ಕಡೆ ಬಲಗಿವಿ ಬರುವ ಹಾಗೆ ಕುರ್ಚಿ ಹುಡುಕಿ ಕೂತೆ. ಪಕ್ಕದಲ್ಲಿ ಕನಮಡಿಯ ಒಬ್ಬ ಅಜ್ಜ ಕೂತಿದ್ದರು. ಕಿವಿಗೆ ಹೊಸ ಮಷಿನ್ ಹಾಕಿಸಿಕೊಳ್ಳಲು ಬಂದವರು, ಗಟ್ಟಿ ದನಿ.

"ಏನಾಗೇತಿ ತಂಗಿ ನಿನಗ?"

"ಈ ಕಿವಿ ಕೇಳಸವಲ್ದು ರೀ ಅಜ್ಜಾರ."

"ಒಂದs ಹೌದಲ್ಲೋ? ನಂದು ಎರಡೂ ಹೋಗ್ಯಾವು. ಒಂದ್ ಮಾತ್ ಹೇಳ್ತೀನಿ ಕೇಳು. ಕೇಳಸಲಿಲ್ಲಂದ್ರ ಹೂಂ ಅನಬ್ಯಾಡ. ನಾ ಹಂಗs ಹೂಂ ಹೂಂ ಅಂದು ಸಣ್ಣ ಮಗನ ಲಗ್ನಕ್ಕ ಒಪ್ಪಿಬಿಟ್ಟೇನಿ. ಲಗ್ನದ ಖರ್ಚಿನ ಯಾದಿ ಮಾಡಾಕ ಮಂದಿ ಬಂದಾಗ ನನಗ ಗೊತ್ತಾತು."

ನಾನು ಗಾಬರಿಯಿಂದ, ಆಮೇಲೆ ಏನಾಯಿತು ಎಂದು ಕೇಳಿದೆ.

"ಏನಾಗೂದು? ಸೊಸಿ ಭಾಳ ಚಲೋ ಅದಾಳ. ಆ ಮಾತ್ ಬ್ಯಾರೆ," ಎಂದು ಹೊಟ್ಟೆ ಅಲುಗಾಡಿಸಿ ನಕ್ಕರು. ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಡಾಕ್ಟರು ಎಣ್ಣೆ ಒರೆಸಿ, ಗೊಣಗಿ, ಕೇಳುವ ಪರೀಕ್ಷೆಗೆ ಕಳಿಸಿದರು. ಸಣ್ಣ ಗಾಜಿನ ಕೋಣೆ. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಲಗಿವಿಯದು ಸಲೀಸಾಗಿ ಮುಗಿಯಿತು. ಎಡಗಿವಿಗೆ ಬಂದಾಗ ಮೊದಲು ಒಂದೆರಡು ದಪ್ಪ ಸದ್ದು ಕೇಳಿದವು, ಒತ್ತಿದೆ. ಆಮೇಲೂ ಒತ್ತುತ್ತ ಹೋದೆ. ಪರೀಕ್ಷೆ ಮಾಡುವ ಹುಡುಗಿ ಗಾಜಿನಾಚೆಯಿಂದ ಕೈ ಎತ್ತಿ ನಿಲ್ಲಿಸಿದಳು. ಬಾಗಿಲು ತೆರೆದು, "ಮೇಡಂ, ಈಗ ನಾ ಯಾವ ಸೌಂಡೂ ಕೊಟ್ಟಿರಲಿಲ್ರಿ," ಎಂದಳು.

ನಾನು ಮೋಸ ಮಾಡುತ್ತಿರಲಿಲ್ಲ. ಆಕೆ ಒಂದೇ ಲಯದಲ್ಲಿ ಸದ್ದು ಬಿಡುತ್ತಿದ್ದಳು. ಆ ಲಯ ನನ್ನ ಕೈಗೆ ಕೂತುಬಿಟ್ಟಿತ್ತು. ಮುಂದಿನ ಸದ್ದು ಎಲ್ಲಿ ಬೀಳಬೇಕೋ ಅಲ್ಲಿ ಬೆರಳು ತಾನಾಗಿ ಒತ್ತುತ್ತಿತ್ತು. ವರ್ಷಗಟ್ಟಲೆ ಕೂಡಿ ಬಾರಿಸಿದ ಕೈಗೆ ಅದೊಂದೇ ಗೊತ್ತು. ಹುಡುಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು, ಈ ಸಲ ಹೊತ್ತುಗೊತ್ತು ಇಲ್ಲದೆ, ಮನಬಂದಂತೆ. ನಾನು ಗುಂಡಿ ಹಿಡಿದು ಕಾದೆ. ಕಾಯುತ್ತಲೇ ಕೂತೆ. ಕಣ್ಣೆತ್ತಿ ನೋಡಿದರೆ ಗಾಜಿನಾಚೆ ಆಕೆಯ ಬೆರಳು ಮೇಲಿಂದ ಮೇಲೆ ಆಡುತ್ತಿತ್ತು. ಸದ್ದು ಬರುತ್ತಲೇ ಇತ್ತು, ನನಗೆ ಮಾತ್ರ ಯಾವುದೂ ಮುಟ್ಟುತ್ತಿರಲಿಲ್ಲ. ಹೊರಗೆ ಬಂದು ಯಜಮಾನರ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಡಾಕ್ಟರು ಕಾಗದದ ಮೇಲಿನ ಗೆರೆ ನೋಡಿ, "ಎಷ್ಟ ದಿನದಿಂದ ಹಿಂಗ ಆಗೇತ್ರಿ?" ಎಂದು ಕೇಳಿದರು.

"ಮೂರು ವಾರ ಆಗಿರಬೇಕ್ರಿ."

"ಇಷ್ಟ ದಿನಾ ಏನ್ ಮಾಡಿದ್ರಿ ಮತ್ತ?"

"ಪಿಟೀಲು ರಿಪೇರಿ ಮಾಡಿಸಿದ್ನಿರಿ."

ಡಾಕ್ಟರಿಗೆ ನಗು ಬಂತು. ನಾನು ನಗದಿದ್ದದ್ದು ನೋಡಿ ಅವರೂ ನಿಲ್ಲಿಸಿದರು. ಇಂಥದ್ದು ಯಾಕೆ ಆಗುತ್ತದೆಂದು ಬಹಳ ಸಲ ಯಾರಿಗೂ ಗೊತ್ತಾಗುವುದಿಲ್ಲ, ಬೇಗ ಬಂದಷ್ಟು ಒಳ್ಳೆಯದಿತ್ತು, ಆದರೂ ಪ್ರಯತ್ನ ಮಾಡೋಣ ಎಂದು ತಿಳಿಸಿ ಹೇಳಿದರು. ಒಳಗೆ ಗಂಟು-ಗಿಂಟು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ತಲೆಯ ಸ್ಕ್ಯಾನ್ ಬರೆದುಕೊಟ್ಟರು. ಗಂಟು ಎಂಬ ಮಾತು ಕೇಳಿದ ಮೇಲೆ ನಮ್ಮ ಯಜಮಾನರ ಸಮಾಧಾನವೆಲ್ಲ ಹಾರಿಹೋಯಿತು. ಗಾಡಿಯ ಕೀಲಿಯನ್ನು ಕೈಯಲ್ಲೇ ಹಿಡಿದು ಜೇಬೆಲ್ಲ ತಡಕಾಡಿದರು. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬಂದ ದಿನ ಅತ್ತೆ ಹೋಳಿಗೆ ಮಾಡಿದರು. ಒಂದು ಕಿವಿ ಹೋದದ್ದಕ್ಕೆ ಹೋಳಿಗೆ ಉಂಡವರು ಊರಲ್ಲಿ ನಾವೊಬ್ಬರೇ ಇರಬೇಕು.

ಔಷಧಿ ಶುರುವಾಯಿತು. ಗುಳಿಗೆ ನುಂಗಿದರೆ ಎಲ್ಲಿಲ್ಲದ ಹಸಿವು, ಮುಖ ಉಬ್ಬಿ ಮೇಘಾ ನನ್ನ ಕೆನ್ನೆ ಹಿಂಡುವಷ್ಟು ಗುಂಡಾಯಿತು. ವಾರಕ್ಕೊಮ್ಮೆ ಕಿವಿಯ ಪರದೆಯೊಳಗೆ ಇಂಜೆಕ್ಷನ್. ಕೇಳಲು ಭಯಂಕರ, ಆದರೆ ಸೂಜಿಗಿಂತ ಆಮೇಲಿನದೇ ಕಷ್ಟ. ತಲೆ ವಾಲಿಸಿ, ಉಗುಳು ನುಂಗದೆ, ಮಾತಾಡದೆ ಅರ್ಧ ಗಂಟೆ ಬಿದ್ದಿರಬೇಕು. ಅಲ್ಲಿನ ನರ್ಸಮ್ಮ ಪ್ರತಿಸಲ ನನ್ನ ಬಲಗಿವಿಯ ಕಡೆ ಸ್ಟೂಲು ಹಾಕಿಕೊಂಡು ತಮ್ಮ ಮನೆಯ ಕಥೆ ಹೇಳುತ್ತಿದ್ದರು. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ಆ ಹೊತ್ತು ಕಳೆದದ್ದು ಅವರ ನಾದಿನಿಯ ಜಗಳ ಕೇಳುತ್ತಲೇ.

ಮಾಸ್ತರರಿಗೆ ಹೇಳುವುದು ಮಾತ್ರ ಇಂಜೆಕ್ಷನ್ನಿಗಿಂತ ಕಷ್ಟವಾಯಿತು. ನಾವು ಕೂಡುವ ಕ್ರಮ ಮೊದಲಿನಿಂದ ಒಂದೇ. ಜನರಿಗೆ ಮುಖ ಮಾಡಿದರೆ ಎಡತುದಿಗೆ ಮಾಸ್ತರರು, ಅವರ ಬಲಕ್ಕೆ ನಾನು, ಆಮೇಲೆ ಶಾರದಕ್ಕ, ಬಲತುದಿಗೆ ಮಿಲಿಂದ. ಮೂವರು ನೆಲಕ್ಕೆ ಕೂಡುತ್ತೇವೆ, ಮಿಲಿಂದ ಮಾತ್ರ ಒಂದು ಗಿಡ್ಡ ಸ್ಟೂಲಿನ ಮೇಲೆ. ನಮ್ಮಲ್ಲಿ ಕೈ ಎತ್ತಿ ತಾಳ ತೋರಿಸುವವರಿಲ್ಲ, ತಬಲಾ ಇಲ್ಲ. ಶುರು ಮಾಡುವ ಮುಂಚೆ ಮಾಸ್ತರರು ಮೂಗಿನಿಂದ ಒಂದು ಸಣ್ಣ ಉಸಿರು ಎಳೆಯುತ್ತಾರೆ. ಆ ಉಸಿರಿನ ಕೊನೆಗೆ ನಾಲ್ಕೂ ಕಮಾನು ಒಟ್ಟಿಗೆ ಬೀಳಬೇಕು. ಅವರಿಗೆ ಆತುಕೊಂಡು ಕೂಡುವವಳು ನಾನು. ಉಸಿರು ಮೊದಲು ನನಗೆ ಕೇಳುತ್ತದೆ. ಶಾರದಕ್ಕ, ಮಿಲಿಂದ ನನ್ನ ಕಮಾನು ನೋಡಿ ಬರುತ್ತಾರೆ. ಮಾಸ್ತರರು ಕೂಡುವುದು ನನ್ನ ಎಡಕ್ಕೆ. ಹಿಂದಿನ ಕೆಲವು ತಾಲೀಮುಗಳಲ್ಲಿ ನಾನು ಯಾಕೆ ಚೂರು ತಡವಾಗುತ್ತಿದ್ದೆ ಎಂಬುದು ಈಗ ತಿಳಿಯಿತು. ನಾನು ತಡವಾದರೆ ನಾಲ್ವರೂ ತಡವಾದಂತೆ.

ಎಲ್ಲ ಹೇಳಿದೆ. ಮಾಸ್ತರರು ಕಮಾನಿಗೆ ರಾಳ ಹಚ್ಚುತ್ತ ಕೇಳಿಸಿಕೊಂಡರು.

"ಟಿಕೋಟಾದ ಲಗ್ನಕ್ಕ ಬಾಗಲಕೋಟಿಯಿಂದ ಒಬ್ಬರನ್ನ ಕರಸ್ತೀನಿ," ಎಂದರು. "ನೀ ಮೊದಲ ಔಷಧ ನೋಡು."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕಾರ್ಯಕ್ರಮ ಒಪ್ಪಿಕೊಂಡಾಗಿದೆ, ಮುರಿಯಲು ಬರುವುದಿಲ್ಲ. ಆದರೂ ನೀ ಇಲ್ಲದೆ ಹೇಗೆ ಎಂದು ಬಾಯಿಮಾತಿಗಾದರೂ ಅನ್ನಬಹುದಿತ್ತು ಎಂದು ಮೆಟ್ಟಿಲು ಇಳಿಯುವಾಗ ನನಗೆ ಬಹಳ ನೋವಾಯಿತು. ಲಗ್ನದ ಮರುದಿನ ಮಿಲಿಂದ ಬುಂದೆಲಾಡು ಹಿಡಿದು ಮನೆಗೆ ಬಂದ.

"ಹ್ಯಾಂಗಾತೋ?" ಎಂದೆ.

"ಚಲೋ ಆತ್ರಿ ಅಕ್ಕಾರ. ಸುಳ್ಳ್ಯಾಕ ಹೇಳ್ಲಿ?"

ಒಳ್ಳೆಯದಾಯಿತು ಎಂದು ನಕ್ಕು ಚಹಾ ಮಾಡಿಕೊಟ್ಟೆ. ಅವನು ಹೋದ ಮೇಲೆ ಲಾಡಿನ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಅತ್ತುಬಿಟ್ಟೆ. ಕೆಟ್ಟದಾಗಿ ಆಗಲಿ ಎಂದು ಬಯಸಿದ್ದೆನೇ? ಹೌದು, ಸ್ವಲ್ಪ ಬಯಸಿದ್ದೆ. ಕಿವಿ ಹೋದದ್ದಕ್ಕಿಂತ ನಾನು ಇಲ್ಲದೆಯೂ ನಡೆಯುತ್ತದೆ ಎಂಬುದು ಹೆಚ್ಚು ಚುಚ್ಚಿತು. ಕಾಯಿಲೆಯಲ್ಲಿ ಇಂಥ ಸಣ್ಣತನವೆಲ್ಲ ಮೇಲೆ ಬರುತ್ತದೆ. ಬರುವುದು ನಿಮಗೊಬ್ಬರಿಗೇ ಅಲ್ಲ. ಅಳು ನಿಂತ ಮೇಲೆ ಗುಳಿಗೆಯ ಹಸಿವು ಬಿಡಲಿಲ್ಲ, ಎರಡು ಲಾಡು ತಿಂದೆ.

ಇಂಜೆಕ್ಷನ್ ಮುಗಿದವು. ಕಿವಿ ಹೊಳ್ಳಿ ಬರಲಿಲ್ಲ. ಇನ್ನು ಇಷ್ಟೇ, ಬಲಗಿವಿ ಗಟ್ಟಿ ಇದೆ, ಅದನ್ನು ಜೋಪಾನ ಮಾಡಿ ಎಂದರು ಡಾಕ್ಟರು. ಆದರೆ ಒಂದು ವಿಚಿತ್ರ ಆಯಿತು. ಎಡಗಿವಿಯಲ್ಲಿ ಅಷ್ಟಿಷ್ಟು ಕೇಳುತ್ತಿದ್ದದ್ದೂ ಮೆಲ್ಲಗೆ ನಿಂತುಹೋಯಿತು, ಅದರ ಜೊತೆ ಆ ಎರಡನೆಯ ಸುಳ್ಳು ಪಂಚಮವೂ ಹೋಯಿತು. ಒಂದು ದಿನ ಹೆದರುತ್ತ ಪಿಟೀಲು ತೆಗೆದು, ಅನುಮಾನಕ್ಕೆ ಎಡಗಿವಿಗೆ ಹತ್ತಿ ಇಟ್ಟು, ತಂತಿಯ ಮೇಲೆ ಕಮಾನು ಎಳೆದೆ. ಒಂದೇ ಒಂದು ಪಂಚಮ. ಚೊಕ್ಕ. ಬೇಸೂರ ಕೇಳುವ ಕಿವಿಗಿಂತ ಏನೂ ಕೇಳದ ಕಿವಿ ನನ್ನಂಥವಳಿಗೆ ಎಷ್ಟೋ ವಾಸಿ. ಗುಂಯ್ ಎನ್ನುವುದು ಇಂದಿಗೂ ಇದೆ. ಅದು ಯಾವ ಸ್ವರವೆಂದು ಹುಡುಕಿ, ನನ್ನ ಷಡ್ಜಕ್ಕೆ ಕೂಡುವುದಿಲ್ಲವೆಂದು ಗೊತ್ತಾಗಿ, ಅದರ ಪಾಡಿಗೆ ಬಿಟ್ಟಿದ್ದೇನೆ.

ಸಂಜೆ ಹೊತ್ತು ಯಜಮಾನರು ಭೂತನಾಳ ಕೆರೆಯ ಕಡೆ ಕರೆದುಕೊಂಡು ಹೋಗುತ್ತಿದ್ದರು. ಮದುವೆಯಾದಾಗಿನಿಂದ ಅವರು ನಡೆಯುವುದು ನನ್ನ ಎಡಕ್ಕೆ. ಮೊದಮೊದಲು ಮರೆತು ಅಲ್ಲೇ ನಡೆಯುತ್ತ ಏನೋ ಹೇಳುವರು, ನಾನು ಅವರು ಮುನಿಸಿಕೊಂಡಿದ್ದಾರೆಂದು ತಿಳಿದು ಸುಮ್ಮನಿರುವೆ, ಉತ್ತರ ಕೊಡಲಿಲ್ಲವೆಂದು ಅವರು ನಿಜವಾಗಿ ಮುನಿಸಿಕೊಳ್ಳುವರು. ಹೂಂ ಅನ್ನುವುದನ್ನು ನಾನು ಕಲಿಯಲಿಲ್ಲ. ಕನಮಡಿಯ ಅಜ್ಜನ ಮಾತು ಕೇಳಿ, ಏನಂದ್ರಿ, ಇನ್ನೊಮ್ಮೆ ಹೇಳ್ರಿ ಎನ್ನುವುದನ್ನು ಕಲಿತೆ. ಕೆಲವು ದಿನ ಕಳೆದ ಮೇಲೆ ಅವರು ತಾವಾಗಿ ಸುತ್ತಿ ಬಂದು ಬಲಕ್ಕೆ ನಡೆಯತೊಡಗಿದರು.

ಲಗ್ನದ ಸುಗ್ಗಿ ಮುಗಿದ ಮೇಲೆ ಮತ್ತೆ ಮಾಸ್ತರರ ಮಹಡಿ ಹತ್ತಿದೆ. ಶಾರದಕ್ಕ ನನ್ನನ್ನು ಅಪ್ಪಿಕೊಂಡು ಎಡಗಿವಿಯಲ್ಲಿ ಏನೋ ಹೇಳಿದಳು, ನಾನು ತಿರುಗಿ ಇನ್ನೊಮ್ಮೆ ಹೇಳಿಸಿದೆ. ದಪ್ಪ ಆಗೀಯಲ್ಲ ಎಂದು ಹೇಳಿದ್ದಳಂತೆ. ನಮ್ಮ ನಮ್ಮ ಜಾಗದಲ್ಲಿ ಕೂತೆವು. ಸ್ವರ ಶುದ್ಧವಿತ್ತು, ಕೈ ಚೆನ್ನಾಗಿತ್ತು. ಶುರು ಮಾಡುವುದೇ ಆಗಲಿಲ್ಲ. ಮಾಸ್ತರರ ಉಸಿರು ನನಗೆ ಕೇಳುತ್ತಿರಲಿಲ್ಲ. ಕತ್ತು ತಿರುಗಿಸಿ ಅವರ ಕಮಾನು ನೋಡಿ ಬೀಳುವಷ್ಟರಲ್ಲಿ ಚೂರು ತಡ. ಇನ್ನೊಮ್ಮೆ. ಮತ್ತೊಮ್ಮೆ. ಮಿಲಿಂದ ತಲೆ ತಗ್ಗಿಸಿದ. ಇಂದು ಸುಮ್ಮನೆ ಇಳಿದು ಹೋದರೆ ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಮಾಸ್ತರ್ರ," ಎಂದೆ. "ನನಗ ನಿಮ್ಮ ಜಾಗಾ ಬೇಕ್ರಿ."

ಶಾರದಕ್ಕ ನನ್ನ ತೊಡೆ ಚಿವುಟಿದಳು. ಎಡತುದಿ ಎಂದರೆ ಹಿರಿಯರ ಜಾಗ. ಅಲ್ಲಿ ಇನ್ನೊಬ್ಬರು ಕೂತದ್ದಿಲ್ಲ. ಆದರೆ ಅಲ್ಲಿ ಕೂತರೆ ಮೂವರೂ ನನ್ನ ಬಲಕ್ಕೆ ಬರುತ್ತಾರೆ.

ಮಾಸ್ತರರು ಸಿಟ್ಟಾಗಲಿಲ್ಲ. "ಈ ಕುತಿಗಿ ಎಡಕ್ಕ ಹೊರಳಂಗಿಲ್ಲ, ನಿನಗ ಗೊತ್ತೈತಿ," ಎಂದರು. ಅವರ ಕುತ್ತಿಗೆಯ ಎಲುಬು ಸವೆದು ಎಷ್ಟೋ ವರ್ಷವಾಗಿದೆ, ಬಲಕ್ಕೆ ಮಾತ್ರ ತಿರುಗುತ್ತದೆ. "ನೀ ಈ ಕಡೆ ಕುಂತ್ರ ನನಗ ಕಾಣಂಗಿಲ್ಲ."

"ನೀವು ನನಗ ಕೇಳಸ್ತೀರಿ."

"ನಿನ್ನ ನೋಡದs ನಾ ಹ್ಯಾಂಗ ಬಾರಸ್ಲಿ?"

"ನಿಮ್ಮನ್ನ ನೋಡದs ನಾ ಇಷ್ಟ ವರ್ಷ ಬಾರಿಸೇನ್ರಿ," ಎಂದೆ.

ಅವರು ಎದ್ದು ಕೆಳಗೆ ಹೋದರು. ಮುಗಿಯಿತು ಎಂದುಕೊಂಡೆ. ಚಹಾ ಕುಡಿದು ಮೇಲೆ ಬಂದವರು ತಮ್ಮ ಪಿಟೀಲು ಎತ್ತಿಕೊಂಡು ಎರಡನೆಯ ಜಾಗದಲ್ಲಿ ಕೂತರು. "ಏಳು, ಸರಿ ಆ ಕಡೆ. ಹೊತ್ತಾತು," ಎಂದರು.

ಹಾಗೆ ಕೂತು ಮಾಡುವ ತಾಲೀಮು ಮೊದಮೊದಲು ಸುಲಭವಾಗಲಿಲ್ಲ. ಅವರಿಗೆ ನನ್ನನ್ನು ಕಣ್ಣಿನಿಂದ ಹಿಡಿದಿಡುವ ರೂಢಿ. ಈಗ ನಾನು ಅವರಿಗೆ ಕಾಣದ ಕಡೆ ಇದ್ದೆ. ಪಾಪ, ತಿರುಗದ ಕುತ್ತಿಗೆಯನ್ನು ತಿರುಗಿಸಲು ಹೋಗಿ ನೋವಿನಿಂದ ಮುಖ ಹಿಂಡುತ್ತಿದ್ದರು. ಕೆಲವು ದಿನಕ್ಕೆ ಆ ಪ್ರಯತ್ನ ಬಿಟ್ಟರು.

ಹೊಸ ಕ್ರಮದಲ್ಲಿ ನಾವು ಮೊದಲು ಬಾರಿಸಿದ್ದು ಬಬಲೇಶ್ವರದಲ್ಲಿ, ಒಂದು ಮಠದ ತಿಂಗಳ ಗೋಷ್ಠಿಯಲ್ಲಿ. ಬಾರಿಸುವ ಮೊದಲು ಸತ್ಕಾರ. ಹಾರ, ಶಾಲು ಹಿಡಿದು ಬಂದ ಹಿರಿಯರೊಬ್ಬರು, ಎಡತುದಿಗೆ ಕೂತವರೇ ಮುಖ್ಯರೆಂದು ಎಲ್ಲಕ್ಕಿಂತ ದೊಡ್ಡ ಹಾರವನ್ನು ನನ್ನ ಕೊರಳಿಗೆ ಹಾಕಿಬಿಟ್ಟರು. ನಾನು ಗಡಬಡಿಸಿ ತೆಗೆಯಹೋದೆ.

"ಇರ್ಲಿ ಬಿಡು," ಎಂದರು ಮಾಸ್ತರರು ಮುಂದೆ ನೋಡುತ್ತಲೇ. "ನನಗ ಅದು ಯಾವತ್ತೂ ಭಾರs ಆಗ್ತಿತ್ತು."

ಜನ ಸುಮ್ಮನಾದರು. ಬಾರಿಸಬೇಕಾದದ್ದು ಯಮನ ರಾಗ. ಎಡಗಿವಿಯ ಹತ್ತಿ ಸರಿಪಡಿಸಿಕೊಂಡು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ, ಕಣ್ಣು ಮುಚ್ಚಿ ಕೂತೆ. ಬಲಗಿವಿಯ ಪಕ್ಕದಲ್ಲೇ ಮಾಸ್ತರರು ಉಸಿರು ಎಳೆದರು. ಇಷ್ಟು ಸ್ಪಷ್ಟವಾಗಿ ಅದನ್ನು ನಾನು ಎಂದೂ ಕೇಳಿರಲಿಲ್ಲ. ಅದರಲ್ಲೊಂದು ನಡುಕವಿತ್ತು. ಕೊನೆಗೆ ನಾಲ್ಕೂ ಕಮಾನು ಬಿದ್ದವು, ಒಟ್ಟಿಗೆ. ಆಮೇಲೆ ಭಯ ಹೋಯಿತು. ಎಡಕ್ಕೆ ಗೋಡೆ ಇದ್ದಂತೆ ಎಲ್ಲ ಮೌನ, ಬಲಕ್ಕೆ ಮೂವರೂ ಇದ್ದರು, ನನ್ನ ಮಟ್ಟಿಗೆ ಅಷ್ಟೇ ಸಾಕಾಗಿತ್ತು. ಆಲಾಪ ಮುಗಿದು ಲಯ ಹಿಡಿಯುವ ಜೋಡಿನಲ್ಲಿ ಒಂದು ಕಡೆ ಖುಷಿಗೆ ಕೈ ಸ್ವಲ್ಪ ಓಡಿತು. ಆದರೆ ಏನೂ ಒಡೆಯಲಿಲ್ಲ, ಮುಂದಿನ ಸಾಲಿಗೆ ನಾಲ್ವರೂ ಕೂಡಿಯೇ ಬಂದೆವು.

ಮುಗಿದ ಮೇಲೆ ಜನ ಪ್ರಸಾದಕ್ಕೆ ಎದ್ದರು. ಮಿಲಿಂದ, ಶಾರದಕ್ಕ ಚೆಲ್ಲೊ ಹೊತ್ತುಕೊಂಡು ಹೊರಗೆ ಹೋದರು. ಮಾಸ್ತರರು ಕುತ್ತಿಗೆ ತಿರುಗದ್ದರಿಂದ ಕೂತಲ್ಲೇ ಇಡೀ ಮೈ ತಿರುಗಿಸಿ ನನಗೆ ಎದುರಾದರು.

"ಕೂಡಿತ್ತೇನವಾ?" ಎಂದು ಕೇಳಿದರು.

ಇಷ್ಟು ವರ್ಷ ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಆ ಪ್ರಶ್ನೆ ಕೇಳುತ್ತಿದ್ದವಳು ನಾನು. ಅವರು ಹೂಂ ಎಂದರೆ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆ. ಅವರು ನನ್ನನ್ನು ಕೇಳಿದ್ದು ಇದೇ ಮೊದಲು. ಅವರ ಮುಖದಲ್ಲಿ ನಿಜವಾದ ಕಾತರವಿತ್ತು.

"ಕೂಡಿತ್ರಿ ಮಾಸ್ತರ್ರ," ಎಂದೆ. "ಜೋಡಿನ್ಯಾಗ ಒಂದ ಕಡೆ ನಾ ಮುಂದ ಓಡಿಬಿಟ್ನಿ."

"ಗೊತ್ತಾತು," ಎಂದರು. "ಅಲ್ಲಿ ನಾ ನಿನ್ನ ಹಿಂದ ಬಂದ್ನಿ."